ಅಂಕಪಟ್ಟಿಯಲ್ಲಿ ಕಾಣದ ಸಂಕಟ

(ಕರಾವಳಿಯ ಪಟ್ಟಣವೊಂದರಲ್ಲಿ ಶಾಲಾ ಆಡಳಿತ ಮಂಡಳಿಗಳ ಸದಸ್ಯರು, ಶಿಕ್ಷಕರು ಮತ್ತು ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಹೆಸರಿನಲ್ಲಿ ಸಭೆ ಸೇರುವುದು ನಮ್ಮ ಸಮುದಾಯಕ್ಕೆ ಇಂದು ಹೊಸತಲ್ಲ. ಹೆಣ್ಣು ಮಕ್ಕಳನ್ನು ಏಳನೇ ತರಗತಿಯ ಬಳಿಕವೂ ಓದಿಸಬೇಕೇ ಎಂಬ ಪ್ರಶ್ನೆಯ ಮೇಲೆ ಮಸೀದಿಯ ಅಂಗಳದಲ್ಲಿ ಬಿರುಸಿನ ಚರ್ಚೆ ನಡೆಯುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ. ಶಾಲೆಗಳನ್ನು ಕಟ್ಟಿದ್ದೇವೆ, ಬಸ್ಸುಗಳನ್ನು ಓಡಿಸುತ್ತಿದ್ದೇವೆ, ವಿದ್ಯಾರ್ಥಿವೇತನಕ್ಕಾಗಿ ಸಮಿತಿಗಳನ್ನು ರಚಿಸಿದ್ದೇವೆ. ಎಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪೇಟೆಯ ವೃತ್ತದಲ್ಲಿ ಸಾಧಕ ಮಕ್ಕಳ ಭಾವಚಿತ್ರವಿರುವ ಫ್ಲೆಕ್ಸ್ ಏರುತ್ತದೆ. ಅದನ್ನು ಕಂಡು ಸಂತೋಷಪಡದವರಾರು? ಆದರೆ ಆ ಫ್ಲೆಕ್ಸಿನಲ್ಲಿ ಇಪ್ಪತ್ತು ಮಕ್ಕಳ ಚಿತ್ರವಿದ್ದರೆ, ಅದೇ ಶಾಲೆಯ ಉಳಿದ ನೂರು ಮಕ್ಕಳು ಆ ದಿನ ಎಲ್ಲಿದ್ದರು, ಹೇಗಿದ್ದರು ಎಂದು ವಿಚಾರಿಸುವ ಪರಿಪಾಠ ನಮ್ಮಲ್ಲಿ ಬೆಳೆದಿಲ್ಲ. ಫ್ಲೆಕ್ಸಿನಲ್ಲಿರುವ ಇಪ್ಪತ್ತು ಮಂದಿಯ ಮನಸ್ಸು ಹೇಗಿದೆ ಎಂದು ಕೇಳುವವರೂ ಇಲ್ಲ. ಇಂದು ನಾವು ಆ ಮಕ್ಕಳ ಕುರಿತು ಮಾತನಾಡಬಯಸುತ್ತೇವೆ.

ಮೊದಲು ವಾಸ್ತವವನ್ನು ತಿಳಿದುಕೊಳ್ಳೋಣ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಮೃತರಾದ ವಿದ್ಯಾರ್ಥಿಗಳ ಸಂಖ್ಯೆ 13,044. ಮರುವರ್ಷ, ಅಂದರೆ 2023ರಲ್ಲಿ ಅದು 13,892ಕ್ಕೆ ಏರಿತು. ಇವೆಲ್ಲವೂ ಪೊಲೀಸ್ ಠಾಣೆಯ ಕಡತಕ್ಕೆ ಬಂದ ಸಾವುಗಳು ಮಾತ್ರ. ಪರೀಕ್ಷೆಯಲ್ಲಿ ಅನುತ್ತೀರ್ಣತೆಯೇ ನೇರ ಕಾರಣವೆಂದು 2022ರಲ್ಲಿ ದಾಖಲಾದ ಸಾವುಗಳು 2,248 ಎಂಬುದನ್ನು ಸುಪ್ರೀಮ್ ಕೋರ್ಟ್ ತನ್ನ 2025ರ ತೀರ್ಪಿನಲ್ಲಿ ಎತ್ತಿ ಹೇಳಿತು. ಹಾಗೆಂದು ಪರೀಕ್ಷೆಯೊಂದೇ ಎಲ್ಲಕ್ಕೂ ಕಾರಣವೆಂದು ತಿಳಿದು ಸುಮ್ಮನಾಗುವುದು ಸರಿಯಲ್ಲ. ಮನೆಯ ಕಲಹ, ಅವಮಾನ, ಒಂಟಿತನ, ದೌರ್ಜನ್ಯ, ಗುರುತಿಸಲ್ಪಡದ ಖಿನ್ನತೆ ಇವೆಲ್ಲ ಒಂದರ ಮೇಲೊಂದು ಪೇರಿಕೊಂಡ ಬಳಿಕ, ಕಡಿಮೆ ಅಂಕವೆಂಬುದು ಹೊರಗಿನವರ ಕಣ್ಣಿಗೆ ಕಾಣುವ ಕೊನೆಯ ನೆಪ ಮಾತ್ರ ಆಗಿರುತ್ತದೆ.

ಸಾವಿನ ಲೆಕ್ಕವನ್ನು ಬದಿಗಿಟ್ಟು ಬದುಕಿರುವವರ ಲೆಕ್ಕವನ್ನು ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಶೇಕಡಾ 7.3 ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ಅನಾರೋಗ್ಯದಿಂದ ಬಳಲುತ್ತಿದ್ದರು. ಈ ಅಂಕಿಯನ್ನು ನಮ್ಮ ಶಾಲೆಗೆ ತಂದು ನೋಡಿ. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಆರು ನೂರು ಮಕ್ಕಳ ಪ್ರೌಢಶಾಲೆಯಲ್ಲಿ ನಲವತ್ತಕ್ಕೂ ಹೆಚ್ಚು. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯೇ ಸಿಗದವರ ಪ್ರಮಾಣ ಶೇಕಡಾ 70ರಿಂದ 92ರ ವರೆಗೆ ಇದೆಯೆಂದು ಅದೇ ಸಮೀಕ್ಷೆ ತಿಳಿಸಿತು. ಜ್ವರ ಬಂದ ಹತ್ತು ಮಕ್ಕಳಲ್ಲಿ ಎಂಟು ಮಂದಿಗೆ ಔಷಧ ಸಿಗದಿದ್ದರೆ ನಾವು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುತ್ತಿದ್ದೆವು. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಮಾತ್ರ ಧರಣಿ ಇಲ್ಲ, ಮನವಿಪತ್ರವಿಲ್ಲ.

ಇದಕ್ಕೆ ಶಾಲೆಯನ್ನೇಕೆ ಎಳೆದು ತರುತ್ತೀರಿ, ಆಸ್ಪತ್ರೆಗಳಿಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರ ಸರಳ. ನಮ್ಮ ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ತಜ್ಞರು ಹಾಕಿರುವ ಲೆಕ್ಕ 0.75. ಇರುವವರೂ ನಗರಗಳಲ್ಲೇ ಹೆಚ್ಚು. ಹತ್ತಿರದಲ್ಲಿ ಆಸ್ಪತ್ರೆಯಿದ್ದರೂ ಅದರ ಮೆಟ್ಟಿಲು ಹತ್ತಲು ಮನೆಯವರು ಅಂಜುತ್ತಾರೆ. ಯಾರಾದರೂ ಕಂಡರೆ ನಾಳೆ ಮಗಳಿಗೆ ಸಂಬಂಧ ಕುದುರುವುದು ಹೇಗೆ ಎಂಬ ಚಿಂತೆ ಕಾಯಿಲೆಯ ಚಿಂತೆಗಿಂತ ದೊಡ್ಡದಾಗಿರುತ್ತದೆ. ಆದರೆ ಶಾಲೆಗೆ ಹೋಗುವ ಮಗುವನ್ನು ಎಲ್ಲಿಗೆ ಹೊರಟೆ ಎಂದು ಯಾರೂ ಪ್ರಶ್ನಿಸುವುದಿಲ್ಲ. ದಿನದ ಆರೇಳು ತಾಸು ಮಗು ಅಲ್ಲಿರುತ್ತದೆ. ಅದರ ಗೆಳೆತನ, ಜಗಳ, ಮೌನ, ಗೈರುಹಾಜರಿ ಎಲ್ಲವೂ ಮೊದಲು ಗೋಚರಿಸುವುದು ಅಲ್ಲೇ. ಹೆತ್ತವರನ್ನು ವರ್ಷಕ್ಕೆ ಮೂರು ನಾಲ್ಕು ಬಾರಿ ಕರೆದು ಕೂರಿಸುವ ಅಧಿಕಾರವೂ ಶಾಲೆಗಿದೆ. ಆದುದರಿಂದ ಮಗುವಿಗೂ ಅದರ ಮನೆಗೂ ಏಕಕಾಲಕ್ಕೆ ತೆರೆಯಬಹುದಾದ ಬಾಗಿಲೊಂದಿದ್ದರೆ ಅದು ಶಾಲೆಯ ಬಾಗಿಲು.

ಸರಕಾರಗಳು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು 1982ರಲ್ಲಿ. ಜಿಲ್ಲೆಯ ಮಟ್ಟದಲ್ಲಿ ಸಾಮಾನ್ಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರ ಮೂಲಕವೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಹುದೆಂದು ನಿಮ್ಹಾನ್ಸ್ ತೋರಿಸಿಕೊಟ್ಟದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ. ಆ ಬಳ್ಳಾರಿ ಮಾದರಿಯ ಆಧಾರದಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಮಟ್ಟದಲ್ಲಿ ಜಾರಿಗೆ ಬಂತು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿಹರೆಯದವರ ಮಾನಸಿಕ ಆರೋಗ್ಯವೂ ಸೇರಿತು. ನಮ್ಮ ರಾಜ್ಯದ ಸ್ನೇಹ ಕ್ಲಿನಿಕ್‌ಗಳು ಅದರ ಭಾಗ. 2020ರ ಫೆಬ್ರವರಿಯಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ತರಬೇತುಗೊಳಿಸುವ ಯೋಜನೆ ಹಾಕಿತು. ಕೊರೋನಾ ಕಾಲದಲ್ಲಿ, 2020ರ ಜುಲೈಯಲ್ಲಿ, ವಿದ್ಯಾರ್ಥಿಗಳಿಗಾಗಿ ಮನೋದರ್ಪಣ್ ಬಂತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭವಾಯಿತು. ಅದರ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಈಗಲೇ ಬರೆದುಕೊಳ್ಳಬೇಕೆಂದು ಸಭಿಕರಲ್ಲಿ ವಿನಂತಿ.

ಕಾನೂನೂ ಬದಲಾಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಮೇಯಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಸರಕಾರದ ವೆಚ್ಚದಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಆರೈಕೆ ನೀಡಬೇಕು ಎಂದು ಅದರ 115ನೇ ವಿಧಿ ಹೇಳುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಇಂತಹ ಯತ್ನವನ್ನು ಅಪರಾಧವೆಂದಿದ್ದ 309ನೇ ವಿಧಿಯು 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಪೊಲೀಸರ ಭಯದಿಂದ ಮಕ್ಕಳ ಸಂಕಟವನ್ನು ಮುಚ್ಚಿಡುವ ಕುಟುಂಬಗಳು ಇದನ್ನು ಅರಿಯಬೇಕು. ಬಚ್ಚಿಟ್ಟ ಸಂಕಟಕ್ಕೆ ಮದ್ದು ಸಿಗುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಯೋಜನೆಗೂ ಮಗುವಿಗೂ ನಡುವೆ ಇರಬೇಕಾದ ಮನುಷ್ಯನೇ ಇಲ್ಲ. ಸುತ್ತೋಲೆ ಶಾಲೆಯ ತನಕ ತಲುಪುತ್ತದೆ. ಗೋಡೆಯ ಮೇಲೆ ಭಿತ್ತಿಪತ್ರ ಅಂಟುತ್ತದೆ. ಆದರೆ ಕೊನೆಯ ಬೆಂಚಿನಲ್ಲಿ ಮೂರು ವಾರಗಳಿಂದ ಯಾರೊಂದಿಗೂ ಮಾತನಾಡದೆ ಕುಳಿತಿರುವ ಹುಡುಗನ ಬಳಿಗೆ ಹೋಗಿ, “ಏನಾಯಿತು ಮಗಾ?” ಎಂದು ಕೇಳಲು ಬಿಡುವೂ ತರಬೇತಿಯೂ ಇರುವ ಒಬ್ಬ ವ್ಯಕ್ತಿ ಶಾಲೆಯಲ್ಲಿಲ್ಲ.

ಈ ಹಿನ್ನೆಲೆಯಲ್ಲಿ ಸುಪ್ರೀಮ್ ಕೋರ್ಟಿನ 2025ರ ಜುಲೈ 25ರ ತೀರ್ಪು ಮುಖ್ಯವಾದುದು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ 17ರ ಹರೆಯದ ವಿದ್ಯಾರ್ಥಿನಿ 2023ರ ಜುಲೈಯಲ್ಲಿ ಮೃತಪಟ್ಟಳು. ತನಿಖೆಯನ್ನು ಸಿಬಿಐಗೆ ವಹಿಸಬೇಕೆಂದು ಆಕೆಯ ತಂದೆ ನ್ಯಾಯಾಲಯದ ಮೊರೆಹೋದರು. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠವು ತನಿಖೆಯನ್ನು ಸಿಬಿಐಗೆ ವರ್ಗಾಯಿಸಿದ್ದಲ್ಲದೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ 15 ಮಾರ್ಗಸೂಚಿಗಳನ್ನೂ ನೀಡಿತು. ಶಾಸನ ಬರುವ ತನಕ ಇವು ಕಾನೂನಿನಂತೆ ಬದ್ಧಗೊಳಿಸುವಂಥವು.

ಅದರಲ್ಲಿರುವುದೇನು? ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ನಿಯಮಬದ್ಧ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. ಅಂಕದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸಬಾರದು, ಸಾರ್ವಜನಿಕವಾಗಿ ಅವಮಾನಿಸಬಾರದು. ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರದರ್ಶಿಸಬೇಕು. ಹೆತ್ತವರಿಗಾಗಿ ತಿಳಿವಳಿಕೆಯ ಕಾರ್ಯಕ್ರಮಗಳನ್ನು ನಡೆಸಬೇಕು. ಜಾತಿ, ವರ್ಗ, ಲಿಂಗ, ಅಂಗವೈಕಲ್ಯ, ಧರ್ಮ ಇವುಗಳ ಹೆಸರಿನಲ್ಲಿ ನಡೆಯುವ ಕಿರುಕುಳದ ವಿರುದ್ಧ ದೂರು ನೀಡುವ ಗೌಪ್ಯ ವ್ಯವಸ್ಥೆ ಇರಬೇಕು. ಇದನ್ನೆಲ್ಲ ಪರಿಶೀಲಿಸಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕು.

ಆಡಳಿತ ಮಂಡಳಿಯ ಸದಸ್ಯರೊಂದಿಗೆ ನಾವು ನೇರವಾಗಿಯೇ ಕೇಳುತ್ತೇವೆ. ನಿಮ್ಮ ಶಾಲೆಯಲ್ಲಿ ನೂರಕ್ಕಿಂತ ಕಡಿಮೆ ಮಕ್ಕಳಿದ್ದಾರೆಯೇ? ಇಲ್ಲವಾದರೆ ಆಪ್ತಸಮಾಲೋಚಕರು ಎಲ್ಲಿ? ‘ಎ’ ವಿಭಾಗಕ್ಕೆ ಹೆಚ್ಚು ಅಂಕದವರು, ‘ಸಿ’ ವಿಭಾಗಕ್ಕೆ ಉಳಿದವರು ಎಂಬ ಪದ್ಧತಿ ನಿಮ್ಮಲ್ಲಿ ನಿಂತಿದೆಯೇ? ‘ಸಿ’ ವಿಭಾಗದ ಮಗು ತನ್ನ ಹೆಸರಿಗಿಂತ ಮೊದಲು ತನ್ನ ವಿಭಾಗವನ್ನು ನೆನೆದು ತಲೆ ತಗ್ಗಿಸುತ್ತದೆ. ಅದನ್ನು ತಗ್ಗಿಸಿದವರು ಯಾರು? ಸರಕಾರವನ್ನೂ ನಾವು ಕೇಳಬೇಕು. ಜಿಲ್ಲಾ ಸಮಿತಿ ಸೇರಿದೆಯೇ, ಸೇರಿದ್ದರೆ ಏನು ತೀರ್ಮಾನಿಸಿದೆ, ಸರಕಾರಿ ಪ್ರೌಢಶಾಲೆಗಳಿಗೆ ಆಪ್ತಸಮಾಲೋಚಕರ ಹುದ್ದೆ ಎಂದು ಮಂಜೂರಾಗುತ್ತದೆ ಎಂಬ ಪ್ರಶ್ನೆಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಶಾಸಕರ ಮುಂದಿಡಬಹುದು. ಖಾಸಗಿ ಶಾಲೆಗಳ ಮಕ್ಕಳಿಗೆ ಮಾತ್ರ ಈ ಸೌಲಭ್ಯ ದೊರೆತು, ಮೀನುಗಾರನ, ಬೀಡಿ ಕಟ್ಟುವ ತಾಯಿಯ, ಗುಜರಿ ವ್ಯಾಪಾರಿಯ ಮಕ್ಕಳು ಓದುವ ಸರಕಾರಿ ಶಾಲೆಗೆ ಅದು ಬಾರದಿದ್ದರೆ ಅದು ನ್ಯಾಯವಲ್ಲ.

ಇಲ್ಲಿ ಕೆಲವರು, “ನಮ್ಮ ಶಿಕ್ಷಕರೇ ಈ ಕೆಲಸವನ್ನು ಮಾಡಲಿ, ಬೇರೆ ಸಂಬಳವೇಕೆ?” ಎನ್ನುತ್ತಾರೆ. ಈ ಮಾತನ್ನು ನಾವು ಗಂಭೀರವಾಗಿ ಪರಿಶೀಲಿಸಬೇಕು, ಏಕೆಂದರೆ ಇದಕ್ಕೆ ಅನುಭವದ ಉತ್ತರ ಲಭ್ಯವಿದೆ. ನಿಮ್ಹಾನ್ಸ್ ಸಂಸ್ಥೆಯು ಕರ್ನಾಟಕದ ಇನ್ನೂರಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ತರಬೇತಾದ ಶಿಕ್ಷಕರ ಮೂಲಕ ಜೀವನ ಕೌಶಲ ಶಿಕ್ಷಣವನ್ನು ನಡೆಸಿತು. 2010ರಲ್ಲಿ ಪ್ರಕಟವಾದ ಅದರ ಅಧ್ಯಯನದಂತೆ ಈ ಪಾಠಗಳನ್ನು ಪಡೆದ ಮಕ್ಕಳಲ್ಲಿ ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ಭರವಸೆ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿ ಅಂತಹ ವ್ಯತ್ಯಾಸ ಕಂಡುಬರಲಿಲ್ಲ.

ಇನ್ನೊಂದು ಉದಾಹರಣೆ ಬಿಹಾರದ ನಲಂದಾ ಜಿಲ್ಲೆಯದು. 1996ರಲ್ಲಿ ಗೋವಾದಲ್ಲಿ ಸ್ಥಾಪನೆಯಾದ ಸಂಗಾತ್ ಎಂಬ ಸಂಸ್ಥೆಯು ಅಲ್ಲಿಯ 74 ಸರಕಾರಿ ಪ್ರೌಢಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಅದರ ಹೆಸರು ‘ಸೆಹೆರ್’. ಉರ್ದು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ, ಮುಂಜಾವು. ಕೆಲವು ಶಾಲೆಗಳಲ್ಲಿ ಅಲ್ಲಿಯ ಶಿಕ್ಷಕರೊಬ್ಬರಿಗೇ ಈ ಹೊಣೆಯನ್ನು ಹೆಚ್ಚುವರಿಯಾಗಿ ವಹಿಸಲಾಯಿತು. ಇನ್ನು ಕೆಲವು ಶಾಲೆಗಳಿಗೆ ಇದೇ ಕೆಲಸಕ್ಕೆಂದು ತರಬೇತಿ ಪಡೆದ, ಮನೋವೈದ್ಯರೇನೂ ಅಲ್ಲದ, ಸಾಮಾನ್ಯ ಯುವಕ ಯುವತಿಯರನ್ನು ನೇಮಿಸಲಾಯಿತು. ಕಾರ್ಯಕ್ರಮ ಎರಡೂ ಕಡೆ ಒಂದೇ. ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತ್ಯೇಕ ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳು ಇಳಿದವು, ಮಕ್ಕಳು ಪರಸ್ಪರ ಪೀಡಿಸುವುದು ಕಡಿಮೆಯಾಯಿತು. ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ.

ಇದು ಶಿಕ್ಷಕರನ್ನು ಹೀಗಳೆಯುವ ಮಾತಲ್ಲ. ಪಾಠ, ಮೌಲ್ಯಮಾಪನ, ಗಣತಿ, ಬಿಸಿಯೂಟದ ಲೆಕ್ಕ ಇವೆಲ್ಲವನ್ನು ಹೊತ್ತ ಹೆಗಲಿಗೆ ಇನ್ನೊಂದು ಮೂಟೆ ಹೇರಿದರೆ ಅದು ಜಾರಿ ಬೀಳುವುದು ಸಹಜ. ಅಲ್ಲದೆ ಅಂಕ ನೀಡುವ ಕೈಗೆ ಮಗು ತನ್ನ ಅಂತರಂಗವನ್ನು ಒಪ್ಪಿಸಲು ಹಿಂಜರಿಯುತ್ತದೆ. ಶಿಕ್ಷಕರು ಗುರುತಿಸಲಿ, ಜೀವನ ಕೌಶಲವನ್ನು ಕಲಿಸಲಿ. ಆಲಿಸುವ ಕೆಲಸಕ್ಕೆ ಪ್ರತ್ಯೇಕ ವ್ಯಕ್ತಿ ಇರಲಿ. ಅಂತಹ ವ್ಯಕ್ತಿ ದೊಡ್ಡ ಪದವಿಯ ಮನೋವೈದ್ಯರೇ ಆಗಬೇಕಿಲ್ಲ ಎಂಬುದನ್ನೂ ನಲಂದಾ ನಮಗೆ ಕಲಿಸುತ್ತದೆ.

ಇನ್ನು ಮನೆಯೊಳಕ್ಕೆ ಬರೋಣ. ಮಗುವಿನ ಮನಸ್ಸು ಶಾಲೆಯ ಗೇಟಿನಲ್ಲಿ ಆರಂಭವಾಗಿ ಅಲ್ಲೇ ಮುಗಿಯುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ತಂದೆ ಗಲ್ಫಿನಲ್ಲಿದ್ದಾರೆ. ಮಗು ತಂದೆಯನ್ನು ಬಲ್ಲದ್ದು ಮೊಬೈಲ್ ಪರದೆಯ ಮೂಲಕ. ಪ್ರತಿ ಕರೆಯಲ್ಲಿ ಬರುವ ಪ್ರಶ್ನೆ ಒಂದೇ: “ಎಷ್ಟು ಮಾರ್ಕ್ಸ್ ಬಂತು?” ಬಿಸಿಲಲ್ಲಿ ಬೆವರಿಳಿಸುವ ಆ ತಂದೆಗೆ ಮಗನ ಅಂಕವೇ ತನ್ನ ತ್ಯಾಗದ ಪ್ರತಿಫಲ. ಅದು ತಪ್ಪೆನ್ನಲಾಗದು. ಆದರೆ ಆ ಪ್ರಶ್ನೆಯ ಭಾರ ಇತ್ತ ಹದಿನೈದರ ಹುಡುಗನ ಎದೆಯ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಅತ್ತ ಅವರು ಕಾಣುವುದಿಲ್ಲ. ಅತ್ತೆ ಮಾವಂದಿರ ಆರೈಕೆ, ಮಕ್ಕಳ ಓದು, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಒಂಟಿಯಾಗಿ ನಿಭಾಯಿಸುವ ತಾಯಿಗೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬಂದರೆ ಅದನ್ನು ಹೇಳಿಕೊಳ್ಳಲು ಅವಳಿಗೂ ಸ್ಥಳವಿಲ್ಲ. ಪರೀಕ್ಷೆಗೆ ಎರಡು ತಿಂಗಳಿರುವಾಗ ಮಗಳಿಗೆ ವರ ನೋಡಲು ಬರುವವರಿದ್ದಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಮಾವನ ಮಗನ ಶೇಕಡಾವಾರನ್ನು ಇವನ ಶೇಕಡಾವಾರಿನ ಪಕ್ಕದಲ್ಲಿಟ್ಟು ತೂಗುವವರಿದ್ದಾರೆ. ಇವರಾರೂ ದುರುದ್ದೇಶದವರಲ್ಲ. ಆದರೆ ಗಾಯ ದುರುದ್ದೇಶದಿಂದ ಮಾತ್ರ ಆಗುವುದಿಲ್ಲವಲ್ಲ.

ಆದುದರಿಂದ ಶಾಲೆಯ ಆಪ್ತಸಮಾಲೋಚಕರು ಮಗುವಿಗೆ ಮಾತ್ರ ಸೀಮಿತರಾಗಬಾರದು. ತಿಂಗಳಿಗೊಂದು ದಿನ ತಾಯಂದಿರೊಂದಿಗೆ ಕುಳಿತುಕೊಳ್ಳಲಿ. ರಜೆಯಲ್ಲಿ ಊರಿಗೆ ಬಂದ ತಂದೆಯನ್ನು ಶಾಲೆ ಒಮ್ಮೆ ಕರೆಯಲಿ. ಶುಲ್ಕದ ಬಾಕಿಗಾಗಿ ಅಲ್ಲ, ಮಗುವಿನ ಕುರಿತು ಮಾತನಾಡುವುದಕ್ಕಾಗಿ.

ಇಲ್ಲಿ ಧರ್ಮದ ಹೆಸರಿನಲ್ಲಿ ನಮ್ಮ ನಡುವೆ ಬೇರೂರಿರುವ ಒಂದು ತಪ್ಪು ಗ್ರಹಿಕೆಯ ಬಗ್ಗೆ ಹೇಳಲೇಬೇಕು. ಮನಸ್ಸು ಕುಸಿದವನಿಗೆ ಈಮಾನ್ ಕಡಿಮೆಯಾಗಿದೆ ಎಂದು ತೀರ್ಪು ಕೊಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಮದ್ರಸದಲ್ಲಿ ಕಲಿತ ಬಲದಿಂದಲೇ ನಾವು ಇದನ್ನು ನಿರಾಕರಿಸುತ್ತೇವೆ. ಮಗ ಯೂಸುಫ್(ಅ)ರ ಅಗಲಿಕೆಯಲ್ಲಿ ಪ್ರವಾದಿ ಯಾಕೂಬ್(ಅ) ಅತ್ತು ಅತ್ತು ದೃಷ್ಟಿಯನ್ನೇ ಕಳೆದುಕೊಂಡ ವೃತ್ತಾಂತ ಪವಿತ್ರ ಕುರ್‌ಆನಿನಲ್ಲಿದೆ. ಅವರ ಈಮಾನನ್ನು ಸಂಶಯಿಸುವ ಧೈರ್ಯ ಯಾರಿಗಿದೆ? ಪತ್ನಿ ಖದೀಜಾ(ರ) ಮತ್ತು ಚಿಕ್ಕಪ್ಪ ಅಬೂ ತಾಲಿಬ್ ತೀರಿಕೊಂಡ ವರ್ಷವು ಪ್ರವಾದಿವರ್ಯರ(ಸ) ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಪ್ರಸಿದ್ಧ. ದುಃಖಕ್ಕೆ ಹೆಸರಿಟ್ಟು ನೆನಪಿಟ್ಟ ಸಮುದಾಯ ನಮ್ಮದು. ಅದನ್ನು ನಾಚಿಕೆಯೆಂದು ಮುಚ್ಚಿಡಲು ಕಲಿತದ್ದು ಆಮೇಲೆ.

ಒಂಬತ್ತು ಮತ್ತು ಹತ್ತನೇ ಶತಮಾನಗಳಲ್ಲಿ ಬಾಳಿದ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ, ಎರಡು ಭಾಗಗಳಲ್ಲಿ ಚರ್ಚಿಸಿದರು. ಭಯ, ಕೋಪ, ಖಿನ್ನತೆ, ಬಿಡದೆ ಕಾಡುವ ಆಲೋಚನೆ ಇವುಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟರು. 1154ರಲ್ಲಿ ದಮಸ್ಕಸ್‌ನಲ್ಲಿ, 1284ರಲ್ಲಿ ಕೈರೋದಲ್ಲಿ ಕಟ್ಟಲ್ಪಟ್ಟ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೂ ಚಿಕಿತ್ಸೆಯಿತ್ತು. ಆ ಪರಂಪರೆಯ ವಾರಸುದಾರರಾದ ನಾವು ಇಂದು ಪರೀಕ್ಷೆಯ ಭಯದಿಂದ ನಡುಗುವ ಹುಡುಗಿಗೆ ಜಿನ್ನ್ ಹಿಡಿದಿದೆಯೆಂದು ಮಂತ್ರಿಸಿದ ನೀರು ಕುಡಿಸಿ, ತಾವೀಝ್ ಕಟ್ಟಿ, ಆರು ತಿಂಗಳು ಕಾಯುತ್ತೇವೆ. ಆ ಆರು ತಿಂಗಳಲ್ಲಿ ಕಾಯಿಲೆ ಬೇರು ಬಿಡುತ್ತದೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಪರಿಸರದಲ್ಲಿದ್ದ ಖಾಸಗಿ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ಓಡಲಾಗದೆ ಪ್ರಾಣಬಿಟ್ಟರು. ಅವರನ್ನು ಅಲ್ಲಿಗೆ ಕರೆತಂದವರು ಅವರನ್ನು ಪ್ರೀತಿಸುತ್ತಿದ್ದ ಮನೆಯವರೇ. ತಿಳಿವಳಿಕೆಯಿಲ್ಲದ ಪ್ರೀತಿ ಎಲ್ಲಿಗೆ ಕೊಂಡೊಯ್ಯಬಹುದು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಇದಕ್ಕೆ ಬದಲಾಗಿ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಮತ್ತು ದುಆ’ ಎಂಬ ಕಾರ್ಯಕ್ರಮ ರೂಪುಗೊಂಡಿತು. ಅಲ್ಲಿಗೆ ಬರುವ ರೋಗಿಗಳನ್ನು ದರ್ಗಾದವರೇ ಪಕ್ಕದಲ್ಲಿ ಕುಳಿತ ಮನೋವೈದ್ಯರ ಬಳಿಗೆ ಕಳುಹಿಸಿದರು. ಪ್ರಾರ್ಥನೆ ಮತ್ತು ಔಷಧ ಒಂದಕ್ಕೊಂದು ಶತ್ರುಗಳಲ್ಲ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದ ಪ್ರವಾದಿಯ(ಸ) ಅನುಯಾಯಿಗಳಿಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ವಿಷಾದನೀಯ.

ಹೊರಗಿನಿಂದ ಬರುವ ಗಾಯವನ್ನೂ ನಾವು ಮರೆಯಬಾರದು. 2022ರಲ್ಲಿ ಉಡುಪಿಯಿಂದ ಆರಂಭವಾದ ಶಿರವಸ್ತ್ರ ವಿವಾದದಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ಹೆಣ್ಣು ಮಕ್ಕಳನ್ನು ಕ್ಯಾಮರಾಗಳು ಅಟ್ಟಿಸಿಕೊಂಡು ಹೋದುದನ್ನು ದೇಶವೇ ನೋಡಿತು. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟ್ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನಲ್ಲಿ ಭಿನ್ನ ತೀರ್ಪು ಬಂತು. ಕಾನೂನಿನ ಚರ್ಚೆ ಬಹಳ ನಡೆಯಿತು. ಆದರೆ ನಿನ್ನೆಯ ತನಕ ಒಂದೇ ಬೆಂಚಿನಲ್ಲಿದ್ದ ಸಹಪಾಠಿಗಳೇ ಎದುರು ನಿಂತು ಘೋಷಣೆ ಕೂಗಿದಾಗ ಆ ಹುಡುಗಿಯರ ಮನಸ್ಸಿಗೆ ಏನಾಯಿತು ಎಂಬುದನ್ನು ದಾಖಲಿಸಿದವರು ವಿರಳ. ಪಿಯುಸಿಎಲ್‌ನ ಕರ್ನಾಟಕ ಘಟಕವು ವಿದ್ಯಾರ್ಥಿನಿಯರನ್ನು ಭೇಟಿಯಾಗಿ ಸಿದ್ಧಪಡಿಸಿದ ವರದಿ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ನಾವೂ ಅಂದು ಪತ್ರಿಕಾ ಹೇಳಿಕೆ ಕೊಟ್ಟೆವು, ವಕೀಲರನ್ನು ಹುಡುಕಿದೆವು. ಅದು ಅಗತ್ಯವೂ ಆಗಿತ್ತು. ಆದರೆ ವಕೀಲರ ಪಕ್ಕದಲ್ಲಿ ಒಬ್ಬ ಆಪ್ತಸಮಾಲೋಚಕಿಯೂ ಇರಬೇಕಾಗಿತ್ತು. ಧರ್ಮದ ಹೆಸರಿನ ಕಿರುಕುಳಕ್ಕೆ ಅವಕಾಶವಿರಬಾರದು ಎಂದು 2025ರ ಮಾರ್ಗಸೂಚಿಯೇ ಹೇಳುತ್ತಿರುವಾಗ, ಅದನ್ನು ಹಿಡಿದು ಪ್ರತಿ ಸಂಸ್ಥೆಯನ್ನೂ ಪ್ರಶ್ನಿಸುವ ಹಕ್ಕು ನಮಗಿದೆ. ನಮ್ಮ ಸಂಸ್ಥೆಗಳಲ್ಲಿ ಓದುವ ಇತರ ಧರ್ಮದ ಮಕ್ಕಳ ವಿಷಯದಲ್ಲಿಯೂ ಅದೇ ಪ್ರಶ್ನೆಯನ್ನು ನಮ್ಮೊಂದಿಗೆ ಕೇಳುವ ಹೊಣೆಯೂ ಇದೆ.

ಈಗ ಕಾರ್ಯರೂಪದ ಮಾತು.

ಆಡಳಿತ ಮಂಡಳಿಗಳು ಮುಂದಿನ ಶೈಕ್ಷಣಿಕ ವರ್ಷದ ಬಜೆಟಿನಲ್ಲಿ ಆಪ್ತಸಮಾಲೋಚಕರ ಸಂಬಳವನ್ನು ಬರೆಯಲಿ. ದೊಡ್ಡ ಶಾಲೆಗಳು ತಮ್ಮದೇ ವ್ಯಕ್ತಿಯನ್ನು ನೇಮಿಸಲಿ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಎರಡು ಮೂರು ಶಾಲೆಗಳು ಸೇರಿ ಒಬ್ಬರನ್ನು ಗೊತ್ತುಪಡಿಸಿಕೊಳ್ಳಲಿ. ಮಂಗಳೂರಿನ ರೋಶನಿ ನಿಲಯದಂತಹ, 1960ರಿಂದ ಸಮಾಜಕಾರ್ಯವನ್ನು ಕಲಿಸುತ್ತಿರುವ ಕಾಲೇಜು ನಮ್ಮ ಜಿಲ್ಲೆಗಳ ಪಕ್ಕದಲ್ಲೇ ಇದೆ. ಸಮಾಜಕಾರ್ಯ, ಮನಃಶಾಸ್ತ್ರ ಓದಿದ ನಮ್ಮದೇ ಹೆಣ್ಣು ಮಕ್ಕಳಿಗೆ ಇದರಿಂದ ಗೌರವದ ಉದ್ಯೋಗವೂ ದೊರೆಯುತ್ತದೆ. ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಬೈತುಲ್‌ಮಾಲ್‌ನಿಂದ ಹಣ ಕೊಡುವ ನಾವು, ಅದೇ ವಿದ್ಯಾರ್ಥಿಯ ಚಿಕಿತ್ಸೆಗೂ ಔಷಧಕ್ಕೂ ಒಂದು ಪಾಲನ್ನು ತೆಗೆದಿರಿಸಲಿಕ್ಕಾಗದೇ?

ಸಮಾಲೋಚನೆಯ ಕೋಣೆ ಮುಖ್ಯೋಪಾಧ್ಯಾಯರ ಕೋಣೆಯ ಎದುರಿಗೆ ಇರಬಾರದು. ಅಲ್ಲಿ ಆಡಿದ ಮಾತು ಸ್ಟಾಫ್ ರೂಮಿಗೆ ಬರಬಾರದು. ಅದರ ಟಿಪ್ಪಣಿ ಆಡಳಿತ ಮಂಡಳಿಯ ಕೈಗೂ ಸಿಗಬಾರದು. ಒಂದು ಸಲ ಗುಟ್ಟು ಹೊರಬಿದ್ದರೆ ಆ ಬಾಗಿಲನ್ನು ಇನ್ನಾವ ಮಗುವೂ ತಟ್ಟುವುದಿಲ್ಲ. ಇದಕ್ಕೆ ಎರಡೇ ಅಪವಾದ: ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೂ ವೈದ್ಯರಿಗೂ ತಿಳಿಸಲೇಬೇಕು, ಲೈಂಗಿಕ ದೌರ್ಜನ್ಯ ತಿಳಿದುಬಂದಾಗ 2012ರ ಪೋಕ್ಸೋ ಕಾಯ್ದೆಯಂತೆ ದೂರು ನೀಡಲೇಬೇಕು, ಆರೋಪಿ ಎಷ್ಟು ದೊಡ್ಡವನಾದರೂ, ಸಂಬಂಧಿಕನಾದರೂ, ಸಂಸ್ಥೆಯವನೇ ಆದರೂ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕಾಗಿಯೇ.

ಖತೀಬರು ವರ್ಷದಲ್ಲಿ ಕನಿಷ್ಠ ಎರಡು ಶುಕ್ರವಾರ, ಪರೀಕ್ಷೆಗೆ ಮುನ್ನ ಒಮ್ಮೆ ಮತ್ತು ಫಲಿತಾಂಶದ ವಾರದಲ್ಲಿ ಒಮ್ಮೆ, ಈ ವಿಷಯವನ್ನು ಮಿಂಬರಿನಿಂದ ಹೇಳಲಿ. ಸೋತ ಮಗುವಿನ ಮನೆಗೆ ಉಸ್ತಾದರು ಒಮ್ಮೆ ಹೋಗಿ ಬಂದರೆ ಅದು ಹತ್ತು ಭಾಷಣಗಳಿಗೆ ಸಮಾನ. ಎಸೆಸ್ಸೆಲ್ಸಿ ಮತ್ತು ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲನೆಯದರಲ್ಲಿ ಎಡವಿದವನಿಗೆ ಇನ್ನೂ ದಾರಿಯಿದೆ ಎಂಬ ಮಾತು ಆ ದಿನವೇ ಅವನ ಕಿವಿಗೆ ಬೀಳಬೇಕು.

ಹೆತ್ತವರೇ, ಕೆಲವು ಲಕ್ಷಣಗಳನ್ನು ಗಮನಿಸಿರಿ. ನಿದ್ದೆ, ಊಟ ಏಕಾಏಕಿ ಬದಲಾಗುವುದು, ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು, ತಲೆನೋವು ಬರುವುದು, ಇಷ್ಟದ ಆಟ ಮತ್ತು ಗೆಳೆಯರಿಂದ ದೂರವಾಗುವುದು, ಸಣ್ಣ ಮಾತಿಗೂ ಸಿಡಿಯುವುದು, ತಾನು ಯಾರಿಗೂ ಬೇಡವಾದವನೆಂದು ಹೇಳುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. ಇವು ಎರಡು ವಾರಗಳಿಗಿಂತ ಹೆಚ್ಚು ಉಳಿದರೆ ಸೋಮಾರಿತನವೆಂದು ಗದರಿಸಬೇಡಿರಿ. ಬದುಕು ಬೇಡವೆನಿಸುತ್ತಿದೆಯೇ ಎಂದು ನೇರವಾಗಿ ಕೇಳಲು ಅಂಜಬೇಡಿರಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಕೇಳಿದರೆ ಭಾರ ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ದುಡಿದವರ ಅನುಭವ. ಅಂತಹ ಮಾತು ಮಗುವಿನ ಬಾಯಲ್ಲಿ ಬಂದರೆ ಆ ದಿನ ಅದನ್ನು ಒಂಟಿಯಾಗಿ ಬಿಡಬೇಡಿರಿ. ಮನೆಯಲ್ಲಿರುವ ಔಷಧಗಳು ಮತ್ತು ಅಪಾಯಕರ ವಸ್ತುಗಳು ಅದರ ಕೈಗೆ ಸಿಗದಂತಿರಲಿ. 14416ಕ್ಕೆ ಕರೆ ಮಾಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ನೆರೆಯವರು ಏನೆನ್ನುವರೋ ಎಂಬ ಲೆಕ್ಕಾಚಾರವನ್ನು ಮಗು ಚೇತರಿಸಿದ ಮೇಲೆ ಮಾಡೋಣ.

ಸಹೋದರ ಸಹೋದರಿಯರೇ, ಮಕ್ಕಳು ಅಲ್ಲಾಹನು ನಮ್ಮ ಕೈಯಲ್ಲಿಟ್ಟ ಅಮಾನತ್. ಅಮಾನತ್ತನ್ನು ಮರಳಿ ಒಪ್ಪಿಸುವಾಗ ಎಷ್ಟು ಅಂಕ ತೆಗೆಸಿದಿರಿ ಎಂದು ನಮ್ಮೊಂದಿಗೆ ಕೇಳಲಾಗುವುದಿಲ್ಲ; ಅದನ್ನು ಹೇಗೆ ಕಾಪಾಡಿದಿರಿ ಎಂದು ಕೇಳಲಾಗುವುದು. ಈ ಸಭೆ ಮುಗಿಯುವ ಮುನ್ನ ಇಲ್ಲಿರುವ ಪ್ರತಿ ಆಡಳಿತ ಮಂಡಳಿಯೂ ಒಂದು ದಿನಾಂಕವನ್ನು ಹೇಳಬೇಕೆಂದು ನಾವು ವಿನಂತಿಸುತ್ತೇವೆ. ಯಾವ ದಿನಾಂಕದಿಂದ ನಿಮ್ಮ ಶಾಲೆಯಲ್ಲಿ ಮಗುವಿನ ಮಾತನ್ನು ಆಲಿಸುವ ಒಬ್ಬರು ಇರುತ್ತಾರೆ? ಶ್ಲಾಘನೆಯ ಮಾತುಗಳಿಗಿಂತ ಆ ದಿನಾಂಕವೇ ಇಂದಿನ ಸಭೆಯನ್ನು ಸಾರ್ಥಕಗೊಳಿಸುತ್ತದೆ. ಅಲ್ಲಾಹನು ನಮ್ಮ ಮಕ್ಕಳಿಗೆ ದೇಹದ ಆರೋಗ್ಯವನ್ನೂ ಮನಸ್ಸಿನ ನೆಮ್ಮದಿಯನ್ನೂ ಕರುಣಿಸಲಿ, ಅವರ ಮಾತಿಗೆ ಕಿವಿಗೊಡುವ ತಾಳ್ಮೆಯನ್ನು ನಮಗೆ ದಯಪಾಲಿಸಲಿ. ಆಮೀನ್.